ರಜೆ ಸೋಮವಾರದವರೆಗೆ

ಬೀದಿಯ ತಿರುವಿನಲ್ಲೇ ಸುಟ್ಟ ಮೆಣಸಿನಕಾಯಿಯ ವಾಸನೆ ನೆವೆನಾಳ ಮೂಗಿಗೆ ಬಡಿಯಿತು. ಸೆಪ್ಟೆಂಬರ್ ಬಂತೆಂದರೆ ಶ್ಟಿಪ್ ಊರಿನ ಯಾವ ಅಂಗಳಕ್ಕೆ ಹೋದರೂ ಆ ವಾಸನೆ ಇರುವುದೇ. ಆದರೂ ಅವಳ ಕಾಲು ನಿಂತಿತು. ಒಂದು ಕೈಯಲ್ಲಿ ಪೆಟ್ಟಿಗೆ, ಕಂಕುಳಲ್ಲಿ ಕಡಲತೀರದ ಎರಡು ಮಡಿಸುವ ಕುರ್ಚಿ, ಚಪ್ಪಲಿಯೊಳಗೆ ಇನ್ನೂ ಗ್ರೀಸಿನ ಮರಳು. ಮದುವೆಯಾದ ಮೇಲೆ ಇದೇ ಮೊದಲ ಸಲ ಅವಳು ರಜೆಗೆಂದು ಊರು ಬಿಟ್ಟದ್ದು. ಹೊಲಿಗೆ ಕಾರ್ಖಾನೆಯ ಗೆಳತಿಯರ ಜೊತೆ, ಬಸ್ಸಿನಲ್ಲಿ. ಎರಡನೆಯ ಕುರ್ಚಿ ಗಂಡನಿಗೆಂದು ಕೊಂಡದ್ದು. ಬಿಸಿಲು ತನಗೆ ಆಗದು ಎಂದು ಅವನು ಕೊನೆಯ ಗಳಿಗೆಯಲ್ಲಿ ಉಳಿದುಕೊಂಡ; ಆ ಕುರ್ಚಿಯನ್ನು ಬಿಡಿಸಿಯೇ ಇರಲಿಲ್ಲ. ಈ ವಾಸನೆ ಬೇರೆ ಯಾರ ಮನೆಯದಾದರೂ ಆಗಿರಲಿ ಎಂದುಕೊಳ್ಳುತ್ತ ಗೇಟು ತೆಗೆದಳು.

ಬೇರೆಯವರದಲ್ಲ. ಅಂಗಳದ ನಡುವೆ ತಗಡಿನ ಒಲೆ ಉರಿಯುತ್ತಿತ್ತು. ಅವಳ ಗಂಡ ಪಾಂಚೆ ಒಂದು ಕೈಯಲ್ಲಿ ರಾಕಿಯಾ ಸಾರಾಯಿಯ ಲೋಟ ಹಿಡಿದು ಇನ್ನೊಂದು ಕೈಯ ಇಕ್ಕಳದಿಂದ ದಪ್ಪ ಕೆಂಪು ಮೆಣಸಿನಕಾಯಿಗಳನ್ನು ಮಗುಚುತ್ತಿದ್ದ. ಗೋಡೆಗೆ ಒರಗಿಸಿದ ಉಳಿದ ಮೆಣಸಿನಕಾಯಿ ಗೋಣಿಗಳು ಇನ್ನೂ ಬಾಯಿ ಬಿಚ್ಚಿರಲಿಲ್ಲ. ಅತ್ತೆ ದೊನ್ಕಾ ಟಬ್ಬಿನ ಮುಂದೆ ಕೂತು ಸುಟ್ಟ ಕಾಯಿಗಳ ಸಿಪ್ಪೆ ಸುಲಿಯುತ್ತಿದ್ದಳು. ಅವಳ ಪಕ್ಕದಲ್ಲಿ ಖಾಲಿ ಮಣೆ. ಮಣೆಯ ಮೇಲೆ ನೆವೆನಾಳ ಏಪ್ರನ್, ಇಸ್ತ್ರಿ ಮಾಡಿ ಮಡಿಸಿಟ್ಟದ್ದು.

"ಬಂದ್ಯಾ? ಸರಿಯಾದ ಹೊತ್ತಿಗೆ ಬಂದೆ ನೋಡು," ಎಂದ ಪಾಂಚೆ.

"ಈ ವರ್ಷ ಅಯ್ವಾರ್ ಗೊಜ್ಜು ಬೇಡ ಅಂತ ಮಾತಾಗಿತ್ತು. ನೀನು ಹೂಂ ಅಂದಿದ್ದೆ."

"ಅಂದಿದ್ದೆ. ಆಮೇಲೆ ಮೆಣಸಿನಕಾಯಿ ಗಾಡಿ ಬಂತು. ಬಣ್ಣ ನೋಡು ಇದರದ್ದು. ಇದನ್ನ ಬಿಟ್ಟು ಚಳಿಗಾಲ ಪೂರ್ತಿ ಅಂಗಡಿ ಗೊಜ್ಜು ನೆಕ್ಕೋಣ ಅಂತೀಯಾ?"

"ಅಷ್ಟು ದಿನ ಮರಳ ಮೇಲೆ ಬಿದ್ಕೊಂಡಿದ್ದೆಯಲ್ಲಮ್ಮ," ಎಂದಳು ಅತ್ತೆ, ತಲೆಯೆತ್ತದೆ. "ಮೈ ಹತ್ತಿ ಹಾಗೆ ಹಗುರ ಆಗಿರುತ್ತೆ. ಕೂತ್ಕೋ. ಬಿಸಿ ಇರೋವಾಗ್ಲೇ ಸಿಪ್ಪೆ ಬಿಡೋದು."

ಮೇಲಿನ ಬಾಲ್ಕನಿಯಿಂದ ಪಕ್ಕದ ಮನೆಯವನು ಬಗ್ಗಿ ನೋಡಿದ. "ಏನ್ ಪಾಂಚೆ, ಇವಳನ್ನ ಆ ಕಡಲ ಬಿಸಿಲಲ್ಲೇ ಹುರಿದು ಕಳಿಸಿದ ಹಾಗಿದೆ. ಒಲೆ ಹತ್ರ ನಿಲ್ಲಿಸ್ಬೇಡ, ಮೆಣಸಿನಕಾಯಿ ಅಂತ ಬಾಟ್ಲಿಗೆ ತುಂಬಿಬಿಟ್ಟೀಯ." ಪಾಂಚೆ ಲೋಟ ಎತ್ತಿ ತೋರಿಸಿ ನಕ್ಕ.

ನೆವೆನಾ ತನ್ನ ಬೆರಳುಗಳನ್ನು ನೋಡಿಕೊಂಡಳು. ಕಳೆದ ವರ್ಷ ಹೀಗೇ ಹಗಲೆಲ್ಲ ಸಿಪ್ಪೆ ಸುಲಿದು, ಹಂಡೆಯ ಮುಂದೆ ನಿಂತು ಗೊಜ್ಜು ತಿರುವಿ ತಿರುವಿ ಕೆಲಸಕ್ಕೆ ಹೋದಾಗ ಇದೇ ಬೆರಳುಗಳು ಊದಿಕೊಂಡು, ಸೂಜಿಯ ಕೆಳಗೆ ಬಟ್ಟೆ ನೆಟ್ಟಗೆ ಓಡಿರಲಿಲ್ಲ. ಮೇಲ್ವಿಚಾರಕಿ ಸಾಲಿನವರೆಲ್ಲರ ಎದುರಿಗೆ ಅಂಗಿಗಳನ್ನು ಎತ್ತಿ ಹಿಡಿದು ತೋರಿಸಿದ್ದಳು. ಇನ್ನೊಮ್ಮೆ ಹೀಗಾದರೆ ಮೆಷಿನ್ ಬಿಟ್ಟು ಕಸ ಗುಡಿಸಲು ಹೋಗು ಎಂದಿದ್ದಳು. ಅದನ್ನು ಮನೆಯಲ್ಲಿ ಹೇಳಿಯೇ ಈ ವರ್ಷ ಬೇಡ ಎಂದದ್ದು. ಪಾಂಚೆ ಹೂಂ ಎಂದದ್ದೂ ಅದಕ್ಕೇ. ಹಾಗೆಂದವರೇ ಅವಳು ಬೆನ್ನು ತಿರುಗಿಸಿದ ಮೇಲೆ ಗೋಣಿ ಇಳಿಸಿಕೊಂಡು, ಏಪ್ರನ್‌ಗೆ ಇಸ್ತ್ರಿಯನ್ನೂ ಮಾಡಿಟ್ಟಿದ್ದರು. ಗೋಣಿಗಳಿಗಿಂತ ಆ ಇಸ್ತ್ರಿಯೇ ಅವಳನ್ನು ಹೆಚ್ಚು ಕೆಣಕಿತು.

ಕೈ ತಾನಾಗಿಯೇ ಏಪ್ರನ್ ಕಡೆಗೆ ಚಾಚಿತ್ತು. ಅದನ್ನು ನೋಡಿ ಅವಳಿಗೇ ಹೆದರಿಕೆಯಾಯಿತು. ಕೈ ಹಿಂತೆಗೆದುಕೊಂಡಳು. ಪೆಟ್ಟಿಗೆ ಕೆಳಗಿಟ್ಟು, ಒಂದು ಕುರ್ಚಿಯನ್ನು ಗೋಡೆಗೆ ಒರಗಿಸಿ, ಇನ್ನೊಂದನ್ನು ಬಿಡಿಸಿ ಒಲೆಯ ಎದುರಿಗೇ ಹಾಕಿ, ಕಾಲು ಚಾಚಿ ಕೂತಳು.

"ಏನಿದು?" ಎಂದ ಪಾಂಚೆ.

"ನನ್ನ ರಜೆ ಸೋಮವಾರ ಬೆಳಗ್ಗೆ ಮುಗಿಯುತ್ತೆ."

"ಮತ್ತೆ ಸಿಪ್ಪೆ ಯಾರು ತೆಗೀಬೇಕು? ಹಂಡೆ ಯಾರು ತಿರುಗಿಸ್ಬೇಕು?"

"ಮನೆಗೆ ಯಾರೇ ಬಂದ್ರೂ ಬಾಟ್ಲಿ ಮುಂದಿಟ್ಟು ಹೇಳ್ತೀಯಲ್ಲ, ನಮ್ಮನೆ ಅಯ್ವಾರ್ ನಾನೇ ಮಾಡೋದು ಅಂತ. ಮಾಡು. ಇಷ್ಟು ವರ್ಷ ಆಯ್ತು, ನೀನು ಮಾಡೋದನ್ನ ಒಂದ್ಸಲಾನೂ ನೋಡಿಲ್ಲ ನಾನು."

ಬಾಲ್ಕನಿಯವನು ಕೆಮ್ಮಿ ಒಳಗೆ ಹೋದ. ಒಲೆಯ ಮೇಲಿನ ಮೆಣಸಿನಕಾಯಿ ಒಂದೊಂದಾಗಿ ಸಿಡಿದು ಕಪ್ಪಾಗತೊಡಗಿತು. ಮಗುಚಬೇಕೆಂಬುದು ಪಾಂಚೆಗೆ ಮರೆತೇಹೋಗಿತ್ತು. ನೆವೆನಾ ನೋಡುತ್ತಲೇ ಇದ್ದಳು. ಏಳದೆ ಕೂತಿರುವುದು ಇಷ್ಟು ಕಷ್ಟದ ಕೆಲಸವೆಂದು ಅವಳಿಗೆ ಗೊತ್ತಿರಲಿಲ್ಲ. ಕುರ್ಚಿಯ ಕೈಗಳನ್ನು ಬಿಗಿಯಾಗಿ ಹಿಡಿದುಕೊಂಡಳು.

"ಆಯ್ತು, ಮಹಾರಾಣಿ ಕೂತಿರಲಿ," ಎಂದ ಅವನು. "ಅಮ್ಮ, ನೀನೇ ಎಲ್ಲಾ ಮುಗಿಸಿಬಿಡು. ನಿಂಗೇನು, ಅಭ್ಯಾಸ ಇದೆ."

ದೊನ್ಕಾಳ ಕೈ ನಿಂತಿತು. ಅವಳು ಮಗನನ್ನು ನೋಡಿದಳು, ಬಾಯಿ ಬಿಚ್ಚದ ಗೋಣಿಗಳನ್ನು ನೋಡಿದಳು. ಆಮೇಲೆ ಮೊಣಕಾಲಿಗೆ ಕೈಯೂರಿ ಎದ್ದು, ಮಣೆಯ ಮೇಲಿದ್ದ ಏಪ್ರನ್ ಎತ್ತಿಕೊಂಡು ಸೊಸೆಯ ಕಡೆಗೆ ಬಂದಳು. ಬೇಡ ಎಂಬ ಮಾತು ನೆವೆನಾಳ ನಾಲಿಗೆಯ ತುದಿಗೆ ಬಂದಿತ್ತು.

ಅತ್ತೆ ಅವಳನ್ನು ದಾಟಿ ಹೋಗಿ, ಏಪ್ರನ್ನನ್ನು ಮಗನ ಹೆಗಲ ಮೇಲೆ ಹಾಕಿದಳು. ಕಪ್ಪು ಸಿಪ್ಪೆ ಅಂಟಿದ ಕೈಯನ್ನು ಲಂಗಕ್ಕೆ ಒರೆಸಿಕೊಳ್ಳುತ್ತ ವಾಪಸು ಬಂದು, ಗೋಡೆಗೆ ಒರಗಿದ್ದ ಎರಡನೆಯ ಕುರ್ಚಿಯನ್ನು ಎತ್ತಿ ಹಿಂದೆ ಮುಂದೆ ತಿರುಗಿಸಿ ನೋಡಿದಳು.

"ಇದನ್ನ ಬಿಡಿಸೋದು ಹೇಗಮ್ಮ?" ಎಂದಳು. "ನಂಗೆ ಗೊತ್ತಿಲ್ಲ."