ನಷ್ಟದ ಬಸ್ಸು

ಅಮ್ಮ ಅಪ್ಪನನ್ನು ಸ್ನಾನಕ್ಕೆ ಕರೆದುಕೊಂಡು ಹೋದದ್ದೇ ತಡ, ಮಗಳು ಟ್ಯಾಬ್ ಎತ್ತಿಕೊಂಡು ಅಪ್ಪನ ಊರಿನ ಒಂದು ಬಸ್ಸನ್ನು ನಿಲ್ಲಿಸಿಬಿಟ್ಟಳು.

ಊರೆಂದರೆ ಆಟದ ಊರು. ರಸ್ತೆ ಹಾಕಿ, ಮನೆ ಕಟ್ಟಿಸಿ, ತೆರಿಗೆ ಎತ್ತಿ ಬೆಳೆಸಬೇಕಾದ ಊರು. ಮೂವತ್ತು ವರ್ಷ ಬಸ್ಸಿನ ಸ್ಟೇರಿಂಗ್ ತಿರುಗಿಸಿದ ಅಪ್ಪನ ಬಲಗೈ ಸ್ಟ್ರೋಕ್ ಆದಮೇಲೆ ಲೋಟ ಎತ್ತಲೂ ಒಲ್ಲೆ ಎಂದಿತ್ತು. ಬೆರಳಿಗೆ ವ್ಯಾಯಾಮವಾಗಲಿ ಎಂದು ನರ್ಸ್ ಆಗಿದ್ದ ಮಗಳೇ ಈ ಆಟ ಹಚ್ಚಿದ್ದಳು. ಬೆರಳಿನ ಜೊತೆ ನಾಲಿಗೆಗೂ ಜೀವ ಬಂತು. ಮೊದಲ ವಾರ ಬರೀ "ಹೂಂ", ಎರಡನೇ ವಾರ "ನೀರಿನ ಪೈಪು ಸಾಲದು", ಈಗಂತೂ ಊಟಕ್ಕೆ ಕರೆದರೆ "ಮೇಯರ್ ಬಿಜಿ ಇದಾರೆ, ಆಮೇಲೆ ಬನ್ನಿ!" ಅದನ್ನು ಕೇಳಿದಾಗಲೆಲ್ಲ ಮಗಳು ಈ ಆಟ ಮಾಡಿದ ಪುಣ್ಯಾತ್ಮ ಯಾರೋ ಏನೋ, ಅವನ ಹೊಟ್ಟೆ ತಣ್ಣಗಿರಲಿ ಎಂದು ಹರಸುತ್ತಿದ್ದಳು.

ಆದರೆ ಮೇಯರ್ ಸಾಹೇಬರ ಕೈ ತೀರಾ ಧಾರಾಳ. ಬೇರೆಯವರು ಮನೆಗಳೆದ್ದ ಮೇಲೆ ಬಸ್ಸು ಬಿಟ್ಟರೆ, ಇವರು ಬಸ್ಸು ಬಿಟ್ಟು ಮನೆಗಳಿಗೆ ಕಾಯುವವರು. ಒಂದೇ ಒಂದು ಮನೆಯಿದ್ದ ಕೆರೆ ದಡಕ್ಕೂ ಒಂದು ರೂಟು! ಖಜಾನೆ ಮೈನಸ್ಸಿಗೆ ಇಳಿದು ಎರಡು ಎಚ್ಚರಿಕೆ ಬಂದಾಗಿತ್ತು. ಈ ತಿಂಗಳ ಕೊನೆಗೂ ಮೈನಸ್ ಇದ್ದರೆ ಮೇಯರ್ ವಜಾ, ಊರು ಮಾಯ. ಆಟದಲ್ಲಿ ತಿಂಗಳೆಂದರೆ ಹತ್ತೇ ನಿಮಿಷ. ಊರು ಹೋದರೆ ಅಪ್ಪ ಮತ್ತೆ ಗೋಡೆ ನೋಡುತ್ತಾ ಕೂತುಬಿಟ್ಟರೆ ಎಂಬುದು ಮಗಳ ಭಯ.

ಅಪ್ಪ ಬಂದು ಮಂಚದ ಮೇಲೆ ಕೂತು ಟ್ಯಾಬ್ ನೋಡಿದರು. "ಕೆರೆ ಬಸ್ಸೆಲ್ಲಿ?"

"ನಾನೇ ನಿಲ್ಲಿಸ್ದೆ. ಹತ್ತೋದು ಒಬ್ಬಳೇ ಅಪ್ಪಾ. ಒಬ್ಬಳಿಗೋಸ್ಕರ ಇಡೀ ಊರನ್ನ ಮುಳುಗಿಸ್ತೀರಾ?"

ಅಪ್ಪ ಸಿಟ್ಟಾಗಲಿಲ್ಲ. ಕೆರೆ ದಡದ ಸ್ಟಾಪಿನಲ್ಲಿ ನಿಂತಿದ್ದ ಪುಟ್ಟ ಬೊಂಬೆಯನ್ನು ನಿಧಾನವಾಗಿ ಬೆರಳಿನಿಂದ ಒತ್ತಿದರು. ವಿವರ ಬಂತು: ವಿದ್ಯಾರ್ಥಿನಿ, ಕಾಲೇಜಿಗೆ ಹೋಗಬೇಕು.

"ನೀನೂ ಒಬ್ಬಳೇ ಇದ್ದೆ," ಎಂದರು. "ನರ್ಸಿಂಗ್ ಓದೋವಾಗ, ಬೆಳಗ್ಗೆ ಆರರ ಬಸ್ಸಲ್ಲಿ."

"ಡ್ರೈವರ್ ಮಗಳು ಅಂತ ಆ ಬಸ್ ಬಿಟ್ಟಿದ್ರೇನೋ," ಮಗಳು ನಕ್ಕಳು.

"ನಾನ್ಯಾವ ದೊಣ್ಣೆನಾಯಕ? ವರ್ಷಾ ವರ್ಷಾ ನಷ್ಟದ ರೂಟಿನ ಪಟ್ಟಿ ಬರೋದು. ಪಟ್ಟಿಯಲ್ಲಿ ನಿನ್ನ ಬಸ್ಸೇ ಮೊದಲು. ಡಿಪೋ ಮ್ಯಾನೇಜರು, 'ಮಾರ್ಕೆಟ್ ರೂಟು ದುಡಿಯುತ್ತಲ್ಲ, ಅದೇ ಇದನ್ನ ಸಾಕ್ಕೊಳ್ಳುತ್ತೆ ಬಿಡ್ರಿ' ಅನ್ನೋರು. ಮಾರ್ಕೆಟ್ ರೂಟು ಓಡಿಸ್ತಿದ್ದವನು ನಾನು. ಉಸಿರಾಡೋಕೂ ಜಾಗ ಇರ್ತಿರಲಿಲ್ಲ. ಕಾಲು ತುಳಿಸ್ಕೊಂಡು, ನೇತಾಡ್ಕೊಂಡು ಹೋದ್ರಲ್ಲ ಜನ, ಅವರ ಟಿಕೆಟ್ ದುಡ್ಡಲ್ಲಿ ಓಡಿದ್ದು ನಿನ್ನ ಬಸ್ಸು."

ದಿನಾ ಸೂರ್ಯ ಬರುವ ಹಾಗೆ ಆ ಬಸ್ಸೂ ಬರುತ್ತದೆ ಎಂದುಕೊಂಡಿದ್ದಳು ಮಗಳು. ಎರಡು ನಿಮಿಷ ತಡವಾದರೆ ಗೊಣಗಿದ್ದೂ ಉಂಟು. ಮೊದಲ ಸಂಬಳದಲ್ಲಿ ಅಪ್ಪ ಅಮ್ಮನಿಗೆ ಬಟ್ಟೆ ತಂದಿದ್ದಳು, ಟೀಚರಮ್ಮನ ಕಾಲಿಗೆ ಬಿದ್ದಿದ್ದಳು. ಮಾರ್ಕೆಟ್ ಬಸ್ಸಿನ ಈ ಜನ ಮಾತ್ರ ಅವಳ ನೆನಪಿಗೇ ಬಂದಿರಲಿಲ್ಲ. ಕಣ್ಣು ತುಂಬಿತು. ಕೆರೆ ಬಸ್ಸನ್ನು ಮತ್ತೆ ಬಿಟ್ಟಳು.

"ಈಗ ಮೈನಸ್ಸಿಗೇನು ಮಾಡೋದು ಅಪ್ಪಾ?"

"ಮಾರ್ಕೆಟ್ ರೂಟಿಗೆ ಇನ್ನೆರಡು ಬಸ್ ಹಾಕು. ನೋಡು, ಸ್ಟಾಪಲ್ಲಿ ಜನ ಕಾದು ಕಾದು ವಾಪಸ್ ಹೋಗ್ತಿದಾರೆ. ಒಬ್ಬಳು ಹತ್ತೋ ಕಡೆ ಏನು ಮಹಾ ನಷ್ಟ? ನೂರು ಜನ ಹತ್ತಕ್ಕಾಗದೆ ನಿಲ್ತಾರಲ್ಲ, ಅಲ್ಲಿದೆ ನಷ್ಟ."

"ಬಸ್ಸಿಗೆ ದುಡ್ಡೆಲ್ಲಿದೆ?"

"ಮೇಯರ್ ಬಂಗಲೆ ಮಾರು. ಮೇಯರ್ ಇಲ್ಲೇ ಮಂಚದ ಮೇಲಿದಾನಲ್ಲ!"

ಬಂಗಲೆಯ ದುಡ್ಡನ್ನು ಖಜಾನೆಗೇ ಸುರಿದಿದ್ದರೆ ಅರ್ಧ ಹಳ್ಳವೂ ಮುಚ್ಚುತ್ತಿರಲಿಲ್ಲ. ಎರಡು ಬಸ್ಸಿಗೆ ಮಾತ್ರ ಸರಿಯಾಗಿ ಸಾಕಾಯಿತು. ಅಪ್ಪ, ಮಗಳು ತಲೆಗೆ ತಲೆ ತಾಗಿಸಿ ಕೂತರು. ಮಾರ್ಕೆಟ್ ಸ್ಟಾಪುಗಳ ಗುಂಪು ಕರಗುತ್ತಾ ಬಂತು, ಅಂಗಡಿಗಳ ತೆರಿಗೆ ಏರಿತು. ಇಪ್ಪತ್ತೈದನೇ ತಾರೀಕಿಗೆ ಮೈನಸ್ ಒಂಬೈನೂರು. ಇಪ್ಪತ್ತೊಂಬತ್ತಕ್ಕೆ ಮೈನಸ್ ನೂರಾ ನಲವತ್ತು. ಮಗಳು ಉಗುರು ಕಚ್ಚಿದಳು. ಮೂವತ್ತಕ್ಕೆ ಹನ್ನೆರಡು ನಾಣ್ಯ, ಮೈನಸ್ ಇಲ್ಲದೆ!

ಅಪ್ಪ ಸಂಭ್ರಮಕ್ಕೆ ತೊಡೆ ತಟ್ಟಿಕೊಂಡರು, ಅದೂ ಬಲಗೈಯಲ್ಲಿ. ಅಡುಗೆ ಮನೆಯಿಂದ ಓಡಿ ಬಂದ ಅಮ್ಮ, ಯಾವುದಕ್ಕೆ ಖುಷಿಪಡಬೇಕೋ ತಿಳಿಯದೆ, ಇಬ್ಬರನ್ನೂ ಬೈದು ಹೋದರು.

ಮಾರನೇ ದಿನ ಡ್ಯೂಟಿಗೆ ಹೊರಟ ಮಗಳಿಗೆ ಮಾರ್ಕೆಟ್ ಬಸ್ಸಿನಲ್ಲಿ ಪುಣ್ಯಕ್ಕೆ ಸೀಟು ಸಿಕ್ಕಿತು. ಎರಡು ಸ್ಟಾಪ್ ದಾಟುವಷ್ಟರಲ್ಲಿ ಬಸ್ಸು ಕಿಕ್ಕಿರಿಯಿತು. ತರಕಾರಿ ಚೀಲ ಹಿಡಿದ ಒಬ್ಬ ಅಜ್ಜಿ ಅವಳ ಕಾಲು ತುಳಿದು, "ಅಯ್ಯೋ, ಬೈಬೇಡ ತಾಯಿ" ಎಂದಳು.

"ಎಷ್ಟು ವರ್ಷದಿಂದ ಈ ಬಸ್ಸಲ್ಲಿ ಓಡಾಡ್ತಿದೀರಿ ಅಜ್ಜಿ?"

"ಲೆಕ್ಕ ಇಟ್ಟೋರ್ಯಾರಮ್ಮ? ಇಪ್ಪತ್ತಾದ್ರೂ ಆಗಿರಬೇಕು. ಯಾವಾಗಲೂ ನಿಂತೇ."

ಅವಳು ಎದ್ದು ನಿಂತು ಅಜ್ಜಿಯ ಭುಜ ಹಿಡಿದು ಕೂರಿಸಿದಳು.

"ಇದು ನಿಮ್ಮದೇ ಸೀಟು ಅಜ್ಜಿ. ನಾನೇ ಸ್ವಲ್ಪ ಜಾಸ್ತಿ ಹೊತ್ತು ಕೂತುಬಿಟ್ಟೆ."