ಮರೇತಾಳ ಕಾವಲು

"ನಿನ್ನ ರಕ್ತದಲ್ಲಿ ಸಿಫಿಲಿಸ್ ಇದೆ" ಎಂದು ಬೇರೆ ಯಾರಾದರೂ ಹೇಳಿದ್ದರೆ ಕೌರೆ ನಾಚಿಕೆಯಿಂದ ತಲೆ ತಗ್ಗಿಸುತ್ತಿದ್ದನೋ ಏನೋ. ಹೇಳಿದವನು ಊರ ಕ್ಲಿನಿಕ್ಕಿನ ವೈದ್ಯ ಸಹಾಯಕ ಇಯೋತೆಬಾ. ಕೌರೆಯ ಹೆಂಡತಿ ಮರೇತಾಳನ್ನು ಅವನಿಗಿಂತ ಮೊದಲು ಮದುವೆಗೆ ಕೇಳಿಕೊಂಡು ಬಂದಿದ್ದನಲ್ಲ, ಅದೇ ಇಯೋತೆಬಾ! ಕೌರೆಗೆ ಮೈಯೆಲ್ಲ ಉರಿದುಹೋಯಿತು.

ಹೊರದೇಶದ ಮೀನುಹಡಗುಗಳಲ್ಲಿ ದುಡಿದು ಬಂದ ಗಂಡಸರಿಗೆ ಯಾವ ಯಾವ ಗುಪ್ತರೋಗ ಅಂಟಿದೆ ಎಂದು ಆ ವರ್ಷ ಪೆಸಿಫಿಕ್ ಸಾಗರದ ದ್ವೀಪದೇಶ ಕಿರಿಬಾಸ್‌ನಲ್ಲಿ ಸಂಶೋಧನೆ ನಡೆಯುತ್ತಿತ್ತು. ಅಬೈಯಾಂಗ್ ದ್ವೀಪದ ಹಡಗಿನವರೆಲ್ಲ ಊರ ಚಾವಡಿಯಲ್ಲಿ ಕೂತು, ಒಬ್ಬರನ್ನೊಬ್ಬರು ಗೇಲಿ ಮಾಡಿಕೊಳ್ಳುತ್ತ ರಕ್ತ ಕೊಟ್ಟಿದ್ದರು. ತಾನೊಬ್ಬ ಹಿಂದೆ ಸರಿದರೆ ಜನ ಆಡಿಕೊಂಡಾರು ಎಂದು ಕೌರೆಯೂ ತೋಳು ಚಾಚಿದ್ದ. ಈಗ ನೋಡಿದರೆ ಕ್ಲಿನಿಕ್ಕಿನ ಬಾಗಿಲು ಮುಚ್ಚಿ, ಗುಟ್ಟು ಹೇಳಲು ಎದುರಿಗೆ ಕೂತವನು ಇವನು.

"ನಿಂಗೆ ಇವತ್ತೇ ಸೂಜಿ ಹಾಕ್ತೀನಿ," ಎಂದ ಇಯೋತೆಬಾ. "ಮರೇತಾಳನ್ನೂ ಕರ್ಕೊಂಡು ಬಾ. ತುಂಬು ಐದು ತಿಂಗಳ ಬಸುರಿ. ಅವಳಿಗೂ ಅಂಟಿದ್ರೆ ಹೊಟ್ಟೇಲಿರೋ ಮಗು ಉಳಿಯೋದು ಕಷ್ಟ."

"ಅವಳ ಹೆಸರು ನಿನ್ನ ಬಾಯಲ್ಲಿ ಬರಕೂಡದು. ಅವಳಿಗೆ ಎಷ್ಟು ತಿಂಗಳು ಅಂತ ನಿಂಗೆ ಹೇಗೋ ಗೊತ್ತು?"

"ಇಡೀ ದ್ವೀಪಕ್ಕೇ ಗೊತ್ತು ಮಾರಾಯ. ಬಸುರಿ ಹೆಂಗಸು ಇನ್ನೂ ಒಂದು ಸಲಾನೂ ಯಾಕೆ ಬಂದಿಲ್ಲ ಅಂತ ನರ್ಸು ಕೇಳ್ತಾನೇ ಇದಾಳೆ."

ಯಾಕೆ ಬಂದಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು. ಇಯೋತೆಬಾ ಇರುವ ಜಾಗಕ್ಕೆ ಮರೇತಾ ಕಾಲಿಡಕೂಡದು ಎಂದು ಕೌರೆಯೇ ಕಟ್ಟಪ್ಪಣೆ ಮಾಡಿದ್ದ.

"ಸಂಶೋಧನೆಯಂತೆ, ಸಂಶೋಧನೆ! ಅವಳನ್ನ ಮುಟ್ಟೋಕೆ ಒಂದು ನೆಪ ಬೇಕಿತ್ತು ನಿಂಗೆ."

"ಅವಳಿಗೆ ಸೂಜಿ ಹಾಕೋದು ನರ್ಸು. ಅಷ್ಟು ಹೊತ್ತೂ ನಾನು ಹೊರಗೆ ನಿನ್ನ ಪಕ್ಕದಲ್ಲೇ ಕೂತಿರ್ತೀನಿ. ಬೇಕಿದ್ರೆ ನನ್ನ ಕೈ ಕಟ್ಟಿಹಾಕು. ಆದ್ರೆ ಕರ್ಕೊಂಡು ಬಾ."

ಸಂಜೆ ಕೌರೆ ನೀರಾ ಇಳಿಸಲು ತೆಂಗಿನ ಮರ ಹತ್ತಿದ. ಮೇಲೆ ಗಂಡಸಿದ್ದಾನೆಂದು ಕೆಳಗಿನ ಹೆಂಗಸರಿಗೆ ತಿಳಿಯಲಿ ಎಂದು ಮರ ಹತ್ತಿದವರು ಗಟ್ಟಿಯಾಗಿ ಹಾಡಬೇಕು. ಕೌರೆಗೆ ಹಾಡೇ ಹೊರಡಲಿಲ್ಲ. ಹೊಂಬಾಳೆಗೆ ಕತ್ತಿ ಇಟ್ಟವನು ಕ್ಲಿನಿಕ್ಕಿನ ತಗಡಿನ ಸೂರನ್ನೇ ದುರುಗುಟ್ಟಿ ನೋಡುತ್ತ ಕೂತ. ತಾನು ದಿಕ್ಕಿಲ್ಲದ ಕಡಲಲ್ಲಿ ಬಲೆ ಎಳೆಯುವಾಗ ಆ ನನ್ಮಗ ಇಯೋತೆಬಾ ಇಲ್ಲೇ ಇರುತ್ತಾನೆ, ಒಗೆದ ಅಂಗಿ ತೊಟ್ಟು, ಮರೇತಾ ಇಗರ್ಜಿಗೆ ಹೋಗುವ ದಾರಿಯಲ್ಲೇ! ಅದಕ್ಕೇ ಪ್ರತಿ ಸಲ ಹಡಗು ಹತ್ತುವ ಮುನ್ನ, "ಅವಳು ಹೋದಲ್ಲೆಲ್ಲ ನೀನೂ ಹೋಗು" ಎಂದು ಅಮ್ಮನಿಗೆ ತಾಕೀತು ಮಾಡುತ್ತಿದ್ದ. ದೂರದ ಬಂದರಿನ ಕೆಲವು ಕೋಣೆಗಳು ನಡುವೆ ನೆನಪಿಗೆ ಬಂದವು. ಹಡಗಿನ ಗಂಡಸರ ವಿಷಯ ಬೇರೆ ಎಂದು ಅವನ್ನು ಅತ್ತ ತಳ್ಳಿದ.

"ಏಯ್, ಹಾಡೋದಿಲ್ವಾ?" ಮರೇತಾ ಕೆಳಗಿನಿಂದ ಕೂಗಿದಳು. "ಬಾವಿ ಹತ್ರ ಹೆಂಗಸ್ರು ಸ್ನಾನ ಮಾಡ್ತಿದಾರೆ. ಕದ್ದು ನೋಡ್ತಿದಾನೆ ಅಂತಾರೆ, ಮಾನ ಹೋಗುತ್ತೆ!" ನಗುತ್ತಿದ್ದವಳು ಥಟ್ಟನೆ ಹೊಟ್ಟೆ ಹಿಡಿದುಕೊಂಡಳು. "ಅಯ್ಯೋ, ಒದೀತಿದೆ ಕಣೋ! ಬೇಗ ಇಳಿ!"

ಇಳಿದು ಬಂದು ಕೈಯಿಟ್ಟು ನೋಡಿದ. ಅಂಗೈಗೆ ಪುಟ್ಟದೊಂದು ಒದೆ ಬಿತ್ತು. ಅವನಿಗೆ ಅಳು ಬಂದಂತಾಯಿತು.

"ನಾಳೆ ಕ್ಲಿನಿಕ್ಕಿಗೆ ಹೋಗೋಣ," ಎಂದ. "ಬಸುರಿಯರಿಗೆ ಅದೇನೋ ಸೂಜಿ ಹಾಕ್ಬೇಕಂತೆ."

"ಕ್ಲಿನಿಕ್ಕಿಗಾ? ನೀನಾ ಈ ಮಾತು ಹೇಳ್ತಿರೋದು?"

"ಅಮ್ಮನೂ ಬರ್ತಾಳೆ," ಎಂದ ಕೌರೆ.

ಮರುದಿನ ನರ್ಸು ಮರೇತಾಳನ್ನು ಒಳಗೆ ಕರೆದುಕೊಂಡು ಹೋದಳು. ಕೊಟ್ಟ ಮಾತಿನಂತೆ ಇಯೋತೆಬಾ ಹೊರಗಿನ ಜಗಲಿಯ ಮೇಲೆ ಕೌರೆಯ ಪಕ್ಕ ಕೂತ. ಅಮ್ಮ ದೀವಿಹಲಸಿನ ನೆರಳಲ್ಲಿ ಚಾಪೆ ಹಾಸಿಕೊಂಡಳು. ಒಳಗೆ ಏನು ಮಾತಾಡುತ್ತಾರೋ ಇಷ್ಟು ಹೊತ್ತು! ಕೌರೆಗೆ ಬಾಗಿಲಿನ ಮೇಲೆ ಒಂದು ಕಣ್ಣು, ಇಯೋತೆಬಾನ ಮೇಲೆ ಇನ್ನೊಂದು. ಅವನೊಮ್ಮೆ ಬಾಗಿಲ ಕಡೆ ತಿರುಗಿದ್ದಕ್ಕೇ ಕೌರೆಯ ಮುಷ್ಟಿ ಬಿಗಿಯಿತು.

ಮರೇತಾ ಸೂಜಿಯ ನೋವಿಗೆ ಕುಂಟುತ್ತ ಹೊರಗೆ ಬಂದಳು. ನರ್ಸು ಎಲ್ಲವನ್ನೂ ಹೇಳಿಬಿಟ್ಟಿದ್ದಾಳೆಂದು ಮುಖ ನೋಡಿದರೇ ತಿಳಿಯುತ್ತಿತ್ತು. ಗಂಡನನ್ನು ದಾಟಿಕೊಂಡು ಬಂದು ಇಯೋತೆಬಾನ ಮುಂದೆ ನಿಂತಳು.

"ಮಗೂಗೆ ಏನೂ ಆಗಲ್ಲ ತಾನೇ?"

"ಕಾಲ ಮೀರಿಲ್ಲ. ಮುಂದಿನ ಎರಡು ವಾರಾನೂ ತಪ್ಪದೆ ಬಂದು ಸೂಜಿ ಹಾಕಿಸ್ಕೋ."

ಕೌರೆ ತಡೆಯಲಾರದೆ ಎದ್ದು ನಿಂತ. "ಅವನನ್ನ ಏನು ಕೇಳ್ತೀಯ? ನಾನಿಲ್ವಾ ಇಲ್ಲಿ? ಏನಿದ್ರೂ ನನ್ನ ಕೇಳು!"

"ಕೇಳ್ತೀನಿ," ಎಂದು ಮರೇತಾ ಅವನ ಕಡೆ ತಿರುಗಿದಳು. "ನನ್ನ ಕಾಯೋಕೆ ಇಲ್ಲಿ ಅತ್ತೇನ ಬಿಟ್ಟು ಹೋಗ್ತಿದ್ದೆ. ಅಲ್ಲಿ ನಿನ್ನ ಕಾಯೋಕೆ ಯಾರಿದ್ರು?"

ಇಯೋತೆಬಾ ಎದ್ದು ಒಳಗೆ ಹೋದ.

ಅಮ್ಮ ಚಾಪೆ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು ಬಂದು ಸೊಸೆಯ ತೋಳು ಹಿಡಿದಳು. ನಾಲ್ಕು ಹೆಜ್ಜೆ ನಡೆದವಳು ನಿಂತು, ಮಗನ ಕಡೆ ತಿರುಗಿ ಹೇಳಿದಳು:

"ಇನ್ನು ಇಲ್ಲಿ ನಂಗೇನೂ ಕೆಲಸ ಇಲ್ಲ ಕಣೋ. ಮುಂದಿನ ಸಲ ನಿನ್ನ ಜೊತೆ ಹಡಗಿಗೇ ಬರ್ತೀನಿ."