ರುಕ್ಮಾಬಾಯಿಯ ಕತ್ತಲೆ

ಗದಗಿನ ಆ ನಾಟಕ ಕಂಪನಿ ಹನ್ನೆರಡು ವರ್ಷಗಳಿಂದ ಹೊರಗಿನ ಒಂದು ಯೂನಿಟ್ ಕರೆಂಟನ್ನೂ ಮುಟ್ಟಿರಲಿಲ್ಲ. ಈಗ ಎಲ್ಲ ಥಿಯೇಟರುಗಳಲ್ಲಿರುವಂತೆ ಇಲ್ಲಿಯೂ ರಂಗದ ದೀಪಗಳು ಉರಿಯುತ್ತಿದ್ದುದು ಪ್ರೇಕ್ಷಕರ ಚಪ್ಪಾಳೆಯಿಂದ, ಅವರು ಕಾಲಡಿಯ ಹಲಗೆ ಕುಟ್ಟುವುದರಿಂದ ಹುಟ್ಟುವ ಕರೆಂಟಿನಿಂದ. ಹಾಸ್ಯಗಾರ ಬಂದರೆ ರಂಗವೆಲ್ಲ ಝಗಝಗ. ಹಾಡಿಗೆ 'ಒನ್ಸ್ ಮೋರ್' ಬಿದ್ದರೆ ಫ್ಯಾನುಗಳೂ ತಿರುಗುತ್ತಿದ್ದವು.

ಕೊನೆಯ ಅಂಕದಲ್ಲಿ, ಸತ್ತ ಮಗನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ರುಕ್ಮಾಬಾಯಿ ಹಾಡುವಾಗ ಮಾತ್ರ ಯಾರ ಕೈಯೂ ಅಲುಗುತ್ತಿರಲಿಲ್ಲ. ದೀಪಗಳು ಮಂಕಾಗುತ್ತಿದ್ದವು.

"ಅಕ್ಕಾರ, ಆ ಹಾಡು ಒಂದೀಟು ಸಣ್ಣದು ಮಾಡ್ರಿ. ಇಲ್ಲಂದ್ರ ನಡುವ ಕತ್ತಲಾಗತೈತಿ," ಎಂದು ಮ್ಯಾನೇಜರ್ ಅಂದಾನಪ್ಪ ಅಂದೂ ಗೋಗರೆದ.

"ಆಗ್ಲಿ ಬಿಡು. ಒಂದು ಸಾಲೂ ಬಿಡಂಗಿಲ್ಲ ನಾ," ಎಂದಳು ರುಕ್ಮಾಬಾಯಿ, ಮುಖಕ್ಕೆ ಬಣ್ಣ ಹಚ್ಚಿಕೊಳ್ಳುತ್ತಲೇ.

ಆ ಸಂಜೆ ಎರಡನೆಯ ನುಡಿಗೇ ದೀಪಗಳೆಲ್ಲ ಆರಿದವು. ಅವಳು ನಿಲ್ಲಿಸಲಿಲ್ಲ. ತನ್ನ ಕೈಯೇ ತನಗೆ ಕಾಣದ ಕತ್ತಲೆಯಲ್ಲಿ ಉಳಿದ ಮೂರು ನುಡಿಗಳನ್ನೂ ಹಾಡಿದಳು. ಆರುನೂರು ಜನರಲ್ಲಿ ಒಬ್ಬರೂ ಕೆಮ್ಮಲಿಲ್ಲ. ಹಾಡು ಮುಗಿದ ಮೇಲೂ ಕತ್ತಲೆ ಹಾಗೇ ಉಳಿಯಿತು. ಆಮೇಲೆ ಎಲ್ಲಿಯೋ ಹಿಂದೆ ಒಂದು ಚಪ್ಪಾಳೆ ಬಿತ್ತು, ಅದರ ಬೆನ್ನಿಗೇ ಇಡೀ ಥಿಯೇಟರು ಎದ್ದು ನಿಂತಿತು. ದೀಪಗಳು ಕಣ್ಣು ಕುಕ್ಕುವಂತೆ ಹೊತ್ತಿಕೊಂಡವು. ತೊಡೆಯ ಮೇಲಿನ ಹೆಣವೂ ಕಣ್ಣು ಕಿವುಚಿಕೊಂಡಿತು.

ಪರದೆ ಬಿದ್ದ ಕೂಡಲೇ ಅಂದಾನಪ್ಪ ಓಡಿ ಬಂದ. "ಅಕ್ಕಾರ, ಇಷ್ಟು ಬೆಳಕು ಈ ಕಂಪನ್ಯಾಗ ನಾ ಎಂದೂ ನೋಡಿದ್ದಿಲ್ಲ!"

"ಬೆಳಕೇನೋ, ಹಾಸ್ಯಗಾರನೂ ಮಾಡ್ತಾನ," ಎಂದಳು ರುಕ್ಮಾಬಾಯಿ, ಸೆರಗು ಸರಿಪಡಿಸಿಕೊಳ್ಳುತ್ತ. "ಆ ಕತ್ತಲಿ ನೋಡಿದಿಲ್ಲೋ? ಅದು ನಂದು."